ಸಂಸ್ಥೆಯವರು ಹೋಗುತ್ತಿದ್ದಾರೆ, ಮಠದವರು ಜಾಗ ಕೊಡುತ್ತೇವೆ ಎನ್ನುತ್ತಿದ್ದಾರೆ: ಒಪ್ಪುವ ಮುಂಚೆ ಏನೇನು ಕೇಳಬೇಕು?

ಮಸ್ಕಿ ಹಾದಿ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು ಜಿಲ್ಲೆ, ಮಸ್ಕಿ ಕಡೆಯ ಹಳ್ಳಿ. ನನ್ನ ತಮ್ಮನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ), ಈಗ ಹತ್ತೊಂಬತ್ತು ತುಂಬಿದೆ. ಚರ್ಚ್ ಮೂಲದ ಒಂದು ಸಂಸ್ಥೆಯವರು ವರ್ಷಗಟ್ಟಲೆ ಪ್ರತಿ ಗುರುವಾರ ನಮ್ಮ ಊರಿಗೆ ಬಂದು ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಫಿಸಿಯೋಥೆರಪಿ ಮಾಡಿಸುತ್ತಿದ್ದರು, ತಂದೆತಾಯಂದಿರ ಸಂಘವನ್ನೂ ಕಟ್ಟಿದ್ದರು. ಬರುವ ಮಾರ್ಚ್‌ಗೆ ಅದು ನಿಲ್ಲುತ್ತದೆ. ಹಣ ಹೊರದೇಶದಿಂದ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದಕ್ಕೆ ಬಂದು, ಅಲ್ಲಿಂದ ಇವರಿಗೆ ಬರುತ್ತಿತ್ತಂತೆ. ಕಾನೂನು ಬದಲಾದ ಮೇಲೆ ಆ ದಾರಿ ಮುಚ್ಚಿತು, ಇಷ್ಟು ದಿನ ಊರವರ ದೇಣಿಗೆಯಲ್ಲಿ ಹೇಗೋ ಎಳೆದೆವು ಎಂದರು.

ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ. ಅವರು ಬರುವ ಮೊದಲು ನಮ್ಮವ್ವ ತಮ್ಮನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಗಂಜಿ ಕುಡಿಸುತ್ತಿದ್ದಳು. ಊಟವೆಂದರೆ ಕೆಮ್ಮು. ಮಳೆಗಾಲ ಬಂದರೆ ಎದೆ ಕಟ್ಟಿಕೊಂಡು ಆಸ್ಪತ್ರೆ. ಸಂಸ್ಥೆಯ ಅಕ್ಕ ಬಂದು ಮೊದಲು ಮಾಡಿದ ಕೆಲಸವೆಂದರೆ ನಮ್ಮೂರ ಬಡಿಗೇರನಿಂದ ಮೂಲೆಕುರ್ಚಿ ಮಾಡಿಸಿದ್ದು. ಬೆನ್ನಿನ ಹಿಂದೆ ಎರಡು ಹಲಗೆ ಗೋಡೆಯ ಮೂಲೆಯಂತೆ ಕೂಡುತ್ತವೆ, ತೊಡೆಗಳ ನಡುವೆ ಒಂದು ಗೂಟ, ಮುಂದೆ ತಟ್ಟೆಗೆ ಹಲಗೆ, ಹೊಟ್ಟೆಗೆ ಹಳೆಯ ಸೀರೆಯ ಪಟ್ಟಿ. ತಲೆ ಹಿಂದಕ್ಕೆ ಬೀಳದಂತೆ, ಗದ್ದ ತುಸು ಕೆಳಗಿರುವಂತೆ ಕೂಡಿಸಿ, ಚಮಚವನ್ನು ಮೇಲಿನಿಂದ ಸುರಿಯದೆ ನಾಲಗೆಯ ನಡುವೆ ಮೆಲ್ಲಗೆ ಒತ್ತಿ ಹಿಡಿಯಬೇಕು ಎಂದು ಅವ್ವನ ಕೈ ಹಿಡಿದು ತೋರಿಸಿದರು. ಕೆಮ್ಮು ಕಡಿಮೆಯಾಯಿತು, ಆಸ್ಪತ್ರೆಯ ದಾರಿಯೂ ಮರೆಯಿತು. ಕುರ್ಚಿಗೆ ಹಿಡಿದದ್ದು ಬಡಿಗೇರನ ಎರಡು ದಿನದ ಕೂಲಿ ಮತ್ತು ಬೇವಿನ ಹಲಗೆ ಅಷ್ಟೇ.

ಈಗ ಊರಿನ ಮಠದ ಅಜ್ಜನವರು, ಅಂದರೆ ಸ್ವಾಮಿಗಳು, ದಾಸೋಹದ ಸಭಾಂಗಣ ಕೊಡುತ್ತೇವೆ, ನೀವೇ ಮುಂದುವರಿಸಿ ಎಂದು ಹೇಳಿ ಕಳುಹಿಸಿದ್ದಾರೆ. ಸಂಘದಲ್ಲಿ ಅರ್ಧ ಜನರಿಗೆ ಸಂತೋಷ. ಉಳಿದವರಿಗೆ, ನನಗೂ ಸೇರಿ, ಒಂದು ಅಳುಕು: ಇದು ಊಟ ಹಾಕಿ ಆಶೀರ್ವಾದ ಮಾಡಿ ಕಳುಹಿಸುವ ಜಾಗವಾಗಿಬಿಟ್ಟರೆ? ಮಠಕ್ಕೆ ಹೋಗಿ ಷರತ್ತು ಹಾಕುವುದು ಹೇಗೆ? ತಿಳಿದವರು ಹೇಳಿ.

ಕುಷ್ಟಗಿ ವಿಆರ್‌ಡಬ್ಲ್ಯೂ

ತಂಗಿ, ನಾನು ಕೊಪ್ಪಳ ಜಿಲ್ಲೆಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ (ವಿಆರ್‌ಡಬ್ಲ್ಯೂ). ನಾನೂ ಅಂಗವಿಕಲೆ. ಗೌರವಧನದ ಮೇಲೆ ದುಡಿಯುವ ನಮ್ಮಂಥವರು ಪಂಚಾಯಿತಿಗೊಬ್ಬರಂತೆ ಇದ್ದೇವೆ. ನಿಮ್ಮ ಪಂಚಾಯಿತಿಯವರು ಯಾರೆಂದು ಮೊದಲು ತಿಳಿದುಕೊಳ್ಳಿ. ಸಂಸ್ಥೆ ಬರಲಿ ಹೋಗಲಿ, ಮಠ ಕೊಡಲಿ ಬಿಡಲಿ, ಕೆಲವು ಕಾಗದಗಳು ನಿಮ್ಮ ಕೈಯಲ್ಲಿರಬೇಕು.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇದೆಯೇ? ಪಿಂಚಣಿ ಬರುತ್ತಿದೆಯೇ? ಅಂಗವೈಕಲ್ಯ ಶೇ 40ರಿಂದ 75ರವರೆಗೆ ಇದ್ದರೆ ತಿಂಗಳಿಗೆ 800 ರೂಪಾಯಿ, 75ಕ್ಕಿಂತ ಹೆಚ್ಚಿದ್ದರೆ 1,400. ಪ್ರಮಾಣಪತ್ರದಲ್ಲಿ 75 ಎಂದೇ ಬರೆದು ಕಳುಹಿಸಿದ್ದರೆ ಮರುಪರೀಕ್ಷೆ ಕೇಳಿ, ಆ ಒಂದು ಅಂಕಿಯ ಬೆಲೆ ತಿಂಗಳಿಗೆ ಆರುನೂರು ರೂಪಾಯಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯೂ ಅದರೊಳಗೆ ಬರುತ್ತವೆ.

ಇನ್ನೊಂದು ಮಾತು, ಬಹಳ ಮನೆಗಳಲ್ಲಿ ಬಿಟ್ಟುಹೋಗುವುದು. ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ನಿಮ್ಮ ತಮ್ಮ ವಯಸ್ಕ. ಬ್ಯಾಂಕಿನ ರುಜು, ಹೊಲದ ಪಾಲು ಎಂದೆಲ್ಲ ಬಂದಾಗ ಅವನಿಗೆ ನೆರವು ಬೇಕಾದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕತ್ವದ ಅರ್ಜಿ ಹಾಕಬೇಕಾಗುತ್ತದೆ. ಅವನು ತನ್ನ ಮಾತನ್ನು ತಾನೇ ತಿಳಿಸಬಲ್ಲನಾದರೆ ಅವಸರ ಮಾಡಬೇಡಿ.

ಮಠದ ವಿಚಾರಕ್ಕೆ ಬಂದರೆ ನಾನು ಒಂದೇ ಕೇಳುತ್ತೇನೆ: ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದು ಶೇ 5ರ ಅನುದಾನವಿದೆ. ಮಠದ ಹಾಲ್‌ನಲ್ಲಿ ಕೂಡುವ ಸಂಘ ಗ್ರಾಮಸಭೆಗೂ ಹೋಗಿ ಅದರ ಲೆಕ್ಕ ಕೇಳುತ್ತದೆಯೋ, ಅಥವಾ ಅಜ್ಜನವರಿಗೆ ಇರಿಸುಮುರಿಸು ಆಗಬಾರದೆಂದು ಬಾಯಿ ಮುಚ್ಚಿಕೊಳ್ಳುತ್ತದೆಯೋ?

ಕೌಲ್ ಬಜಾರ್ ಹೊಲಿಗೆ

ವಿಆರ್‌ಡಬ್ಲ್ಯೂ ಅಕ್ಕ ಹೇಳಿದ ಕೊನೆಯ ಮಾತಿಗೆ ನನ್ನ ಕೈ ಮೇಲೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ಎಡಗಾಲಿಗೆ ಪೋಲಿಯೊ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಕಂಬಿ-ಪಟ್ಟಿಯ ಆಸರೆ) ಹಾಕುತ್ತೇನೆ. ಮಷೀನಿನ ಪೆಡಲ್‌ಗೆ ಬಲಗಾಲು ಸಾಕು, ಯಾರಿಗೂ ಕಡಿಮೆಯಿಲ್ಲದಂತೆ ಜೇಬು ಕೂಡಿಸುತ್ತೇನೆ. 2014ರಲ್ಲಿ ಭಾರತವನ್ನು ಪೋಲಿಯೊ ಮುಕ್ತ ಎಂದು ಘೋಷಿಸಿದರು, ಒಳ್ಳೆಯದಾಯಿತು. ಆದರೆ ಅದಕ್ಕೆ ಮೊದಲು ಹುಟ್ಟಿದ ನಾವು ಇನ್ನೂ ಇದ್ದೇವೆ ಎಂಬುದು ಕ್ಯಾಲಿಪರ್ ಮಾಡುವವರಿಗೆ ಮರೆತಂತಿದೆ.

ಚಿಕ್ಕವನಿದ್ದಾಗ ನನ್ನನ್ನು ಒಂದು ಪ್ರಾರ್ಥನಾ ಸಭೆಗೆ, ಒಂದು ದರ್ಗಾಕ್ಕೆ, ಒಂದು ಗುಡ್ಡದ ದೇವರಿಗೆ ಹೊತ್ತುಕೊಂಡು ಹೋಗಿದ್ದಾರೆ. ಮೂರೂ ಕಡೆ ಎದ್ದು ನಡೆ ಎಂದರು. ಮೂರೂ ಕಡೆ ನಾನು ನಡೆಯದಿದ್ದದ್ದಕ್ಕೆ ನಮ್ಮ ಮನೆಯವರ ಭಕ್ತಿಯನ್ನೇ ಅಳೆದರು. ಹಾಗಾಗಿ ಧರ್ಮದವರು ಸೇವೆಗೆ ಬಂದರೆ ನನ್ನ ಮೊದಲ ಪ್ರಶ್ನೆ: ನನ್ನ ಕಾಲನ್ನು ನಿಮ್ಮ ಮಹಿಮೆಗೆ ಸಾಕ್ಷಿ ಮಾಡುತ್ತೀರೋ ಇಲ್ಲವೋ?

ಎರಡನೆಯದು ಶಿಬಿರ. ಯಾರೇ ಮಾಡಲಿ, ಲಯನ್ಸ್ ಆಗಲಿ, ಮಠವಾಗಲಿ, ಪಕ್ಷವಾಗಲಿ, ಅದೇ ಶಾಮಿಯಾನ, ಅದೇ ಶಾಲು. ಸಾಲಾಗಿ ನಿಲ್ಲಿಸಿದ ತ್ರಿಚಕ್ರ ಸೈಕಲ್‌ಗಳಲ್ಲಿ ನಮ್ಮನ್ನು ಕೂಡಿಸಿ ಫೋಟೊ ತೆಗೆಯುತ್ತಾರೆ. ಕೈ ಗಿಡ್ಡ ಇದ್ದವನಿಗೆ ಉದ್ದ ಹ್ಯಾಂಡಲ್, ಉದ್ದ ಇದ್ದವನಿಗೆ ಗಿಡ್ಡ. ಆರು ತಿಂಗಳಿಗೆ ಚೈನ್ ಹೋಗುತ್ತದೆ. ಊರುಗೋಲಿನ ಬುಡದ ರಬ್ಬರ್ ನಮ್ಮ ರಸ್ತೆಗಳ ಮೇಲೆ ಇನ್ನೂ ಬೇಗ ಸವೆಯುತ್ತದೆ, ಒಳಗಿನ ಕೊಳವೆ ಹೊರಗೆ ಬರುತ್ತದೆ. ಆಮೇಲೆ ತೊಳೆದ ಶಹಾಬಾದ್ ಕಲ್ಲಿನ ಮೇಲೆ ಊರಿ ನೋಡಿ, ದೇವರು ಹತ್ತಿರವೇ ಕಾಣಿಸುತ್ತಾನೆ. ನನ್ನ ಕ್ಯಾಲಿಪರಿನ ಮೊಣಕಾಲ ಪಟ್ಟಿಯನ್ನು ಕಿತ್ತುಹೋದಾಗಲೆಲ್ಲ ಹೊಲಿದುಕೊಡುವವನು ಸ್ಟೇಷನ್ ರಸ್ತೆಯ ಚಮ್ಮಾರ ಅಣ್ಣ, ಕಂಬಿ ಮುರಿದರೆ ವೆಲ್ಡಿಂಗ್ ಅಂಗಡಿ. ಇಬ್ಬರಿಗೂ ಯಾರೂ ಶಾಲು ಹೊದಿಸಿಲ್ಲ.

ತಂಗಿ, ಮಠದವರಿಗೆ ಹೇಳಿ: ಹಾಲ್‌ನ ಮೂಲೆಯಲ್ಲಿ ಒಂದು ರಿಪೇರಿ ಪೆಟ್ಟಿಗೆ ಇರಲಿ. ಚೈನ್ ಲಿಂಕು, ಟ್ಯೂಬ್ ಪ್ಯಾಚು, ರಿವೆಟ್ಟು, ನಾಲ್ಕಾರು ಅಳತೆಯ ರಬ್ಬರ್ ಬುಡ. ವಾರಕ್ಕೊಮ್ಮೆ ಸೈಕಲ್ ಷಾಪಿನವನೊಬ್ಬ ಬಂದು ಕೂತರೆ ಸಾಕು.

ಎರೆಹೊಲ

ಚರ್ಚ್ ಸಂಸ್ಥೆ, ಹೊರದೇಶದ ದುಡ್ಡು. ಇಷ್ಟು ಓದಿದರೆ ಸಾಕಲ್ಲ, ಉದ್ದೇಶ ಏನೆಂದು ತಿಳಿಯುವುದಕ್ಕೆ? ಸರ್ಕಾರ ನಿಲ್ಲಿಸಿದ್ದು ಸರಿಯಾಗಿಯೇ ಇದೆ.

ಮಸ್ಕಿ ಹಾದಿ

ಎರೆಹೊಲ ಅಣ್ಣ, ನಿಮ್ಮ ಅನುಮಾನ ನಮ್ಮ ಊರಿನಲ್ಲೂ ಮೊದಲ ವರ್ಷ ಇತ್ತು. ಅವರು ಗುರುವಾರ ಕೆಲಸ ಶುರು ಮಾಡುವ ಮುಂಚೆ ತಮ್ಮತಮ್ಮಲ್ಲೇ ಒಂದು ನಿಮಿಷ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದರು. ನಮ್ಮವ್ವ ಆ ಹೊತ್ತಿಗೆ ತಮ್ಮನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಇಬ್ಬರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಬೇರೆ ಕಡೆ ಏನಾಗಿದೆಯೋ ನಾನು ಹೇಳಲಾರೆ, ನಮ್ಮ ಮನೆಯಲ್ಲಿ ಆದದ್ದು ಇಷ್ಟು. ನನ್ನ ಪ್ರಶ್ನೆ ಮಠಕ್ಕೂ ಅದೇ: ನಮ್ಮ ಸಂಘದಲ್ಲಿ ಮುಸ್ಲಿಮರ ಮಕ್ಕಳೂ ಇದ್ದಾರೆ, ಹರಿಜನ ಕೇರಿಯ ಮಕ್ಕಳೂ ಇದ್ದಾರೆ. ಒಳಗೆ ಬರಲು, ಕೂಡಲು, ಉಣ್ಣಲು ಯಾರಿಗೂ ಯಾವ ಕಟ್ಟಳೆಯೂ ಇರಬಾರದು.

ಅನ್ನದ ಕಣಜ

ಗಂಗಾವತಿಯವನು, ಈಗ ಬೆಂಗಳೂರಿನಲ್ಲಿ ಇದೇ ಕ್ಷೇತ್ರದ ಕೆಲಸ. ಹಣದ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎರೆಹೊಲದವರು ಅಂದುಕೊಂಡಂತೆ ಇದು ಚರ್ಚ್‌ಗಳಿಗೆ ಮಾತ್ರ ಬಿದ್ದ ಬೀಗವಲ್ಲ.

ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ 2010ರದು. 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ತಿದ್ದುಪಡಿ ಬಂತು. ಹೊರದೇಶದ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಮಸ್ಕಿ ತಂಗಿಯ ಊರಿಗೆ ಏಟು ಬಿದ್ದದ್ದು ಮೂರನೆಯ ನಿಯಮದಿಂದ: ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಮೊದಲು ದೊಡ್ಡ ಸಂಸ್ಥೆಗಳು ಹಣ ತಂದು ಜಿಲ್ಲೆ, ತಾಲ್ಲೂಕುಗಳ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿದ್ದವು. ಲೆಕ್ಕಪತ್ರ, ನೋಂದಣಿ, ಇಂಗ್ಲಿಷ್ ವರದಿ ಇವೆಲ್ಲವನ್ನೂ ಸ್ವಂತವಾಗಿ ನಿಭಾಯಿಸಲಾರದ, ಆದರೆ ಹಳ್ಳಿ ಬಲ್ಲ ಗುಂಪುಗಳು ಅದರಿಂದಲೇ ಉಸಿರಾಡುತ್ತಿದ್ದವು. ದೇವರ ಹೆಸರಿನವೂ ಇದ್ದವು, ದೇವರ ಹಂಗಿಲ್ಲದವೂ ಇದ್ದವು.

ಈಗ ಧರ್ಮದ ವಿಚಾರ. ನೀವು ಹಳ್ಳಿಯಲ್ಲಿ ಕಂಡ ಕೆಲಸದ ರೀತಿಗೆ ಸಮುದಾಯ ಆಧಾರಿತ ಪುನರ್ವಸತಿ ಎನ್ನುತ್ತಾರೆ. ದೊಡ್ಡ ಕಟ್ಟಡ ಕಟ್ಟಿ ಮಕ್ಕಳನ್ನು ಒಳಗೆ ಸೇರಿಸಿಕೊಳ್ಳುವುದರ ಬದಲು ಬಡಿಗೇರ, ಅವ್ವ, ಅಂಗನವಾಡಿ ಇವರ ಕೈಯಲ್ಲೇ ಕೆಲಸ ಇಡುವುದು. ಪ್ರಾಥಮಿಕ ಆರೋಗ್ಯ ಸೇವೆ ಕುರಿತ 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬೆಳೆಸಿತು, 2010ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ ಎಂಬ ಐದು ಕಂಬಗಳು. ಇದನ್ನು ಜಗತ್ತಿನಾದ್ಯಂತ ಹಬ್ಬಿಸಿದವರಲ್ಲಿ ಧಾರ್ಮಿಕ ಮೂಲದ ಸಂಸ್ಥೆಗಳ ಪಾಲು ದೊಡ್ಡದು. ಸಿಬಿಎಂ ಎಂಬ ಕ್ರೈಸ್ತ ಮೂಲದ ಸಂಸ್ಥೆಯನ್ನೇ ನೋಡಿ: 1908ರಲ್ಲಿ ಅರ್ನ್ಸ್ಟ್ ಕ್ರಿಸ್ಟೋಫೆಲ್ ಎಂಬ ಜರ್ಮನ್ ಪಾದ್ರಿ ತುರ್ಕಿಯ ಮಲಾತ್ಯ ಊರಿನಲ್ಲಿ ಅಂಧರಿಗೆ ಮನೆ ತೆರೆದದ್ದು ಅದರ ಬೇರು. ಜೈಪುರದ ಕೃತಕ ಕಾಲು ಹಂಚುವ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ 1975ರಲ್ಲಿ ಹುಟ್ಟಿತು. ಅದು ಹೊರದೇಶಗಳಲ್ಲೂ ಶಿಬಿರ ಮಾಡುತ್ತದೆ, ಅಂದರೆ ಹಣ ಮತ್ತು ನೆರವು ಒಂದೇ ದಿಕ್ಕಿಗೆ ಹರಿಯುತ್ತದೆ ಎಂದೇನೂ ಇಲ್ಲ.

2025ರ ಏಪ್ರಿಲ್‌ನಲ್ಲಿ ಬರ್ಲಿನ್‌ನಲ್ಲಿ ಜಾಗತಿಕ ಅಂಗವೈಕಲ್ಯ ಶೃಂಗಸಭೆ ನಡೆಯಿತು. ದೇಶ ಮಟ್ಟದ ಅಂತರರಾಷ್ಟ್ರೀಯ ಅಭಿವೃದ್ಧಿ ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇ 15ರಷ್ಟಾದರೂ ಅಂಗವಿಕಲರ ಒಳಗೊಳ್ಳುವಿಕೆಯನ್ನು ಗುರಿಯಾಗಿಸಿಕೊಳ್ಳಬೇಕು ಎಂದು ಅಲ್ಲಿನ ಘೋಷಣೆ ಹೇಳುತ್ತದೆ.

ಕೌಲ್ ಬಜಾರ್ ಹೊಲಿಗೆ

ಸರ್, ಬರ್ಲಿನ್ ಘೋಷಣೆಯಿಂದ ನನ್ನ ಊರುಗೋಲಿಗೆ ರಬ್ಬರ್ ಬರುತ್ತದೆಯೇ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಅನ್ನದ ಕಣಜ

ನೇರವಾಗಿ ಬರುವುದಿಲ್ಲ. ಆದರೆ ಸುತ್ತಿ ಬಳಸಿ ಬಂದದ್ದು ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಅಂಗವೈಕಲ್ಯ ಎಂದರೆ ಏಳೇ ಬಗೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. ಅಂಗವಿಕಲರೇ ಆ ಸಭೆಗಳಲ್ಲಿ ಕೂತು, ನಮ್ಮನ್ನು ಹೊರಗಿಟ್ಟು ನಮ್ಮ ವಿಷಯ ತೀರ್ಮಾನಿಸಬೇಡಿ ಎಂದು ಹಟ ಹಿಡಿದು ಬರೆಸಿದ ಒಪ್ಪಂದ ಅದು. ಭಾರತ 2007ರ ಅಕ್ಟೋಬರ್ 1ರಂದು ಅದಕ್ಕೆ ಬದ್ಧವಾಯಿತು. ಬದ್ಧವಾದ ಮೇಲೆ ಹಳೆಯ ಕಾನೂನು ಸಾಲದಾಯಿತು. 2016ರ ಹೊಸ ಕಾಯ್ದೆಯಲ್ಲಿ ಇಪ್ಪತ್ತೊಂದು ಬಗೆ. ಗಂಗಾವತಿಯ ಥಲಸೇಮಿಯಾ ಎಂಬ ರಕ್ತದ ಕಾಯಿಲೆಯ ಮಗುವಿಗೂ ಇಂದು ಪ್ರಮಾಣಪತ್ರ ಕೇಳುವ ಹಕ್ಕಿರುವುದು ಅದರಿಂದ. ಸರ್ಕಾರಿ ನೌಕರಿಯಲ್ಲಿ ಮೀಸಲು ಶೇ 3 ಇದ್ದದ್ದು 4 ಆದದ್ದೂ ಅದರಿಂದಲೇ.

ಧರ್ಮದವರು ಅಲ್ಲಿ ಯಾವ ಕಡೆ ನಿಂತರು ಎಂದು ಕೇಳಿದರೆ ಉತ್ತರ ಒಂದೇ ಅಲ್ಲ. ಹಲವು ಧಾರ್ಮಿಕ ಸಂಸ್ಥೆಗಳು ಒಪ್ಪಂದಕ್ಕಾಗಿ ದುಡಿದವು. ವ್ಯಾಟಿಕನ್ ಮಾತ್ರ ಕೊನೆಯಲ್ಲಿ ಸಹಿ ಹಾಕಲಿಲ್ಲ. ಆರೋಗ್ಯದ 25ನೆಯ ವಿಧಿಯಲ್ಲಿ ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಮಾತು ಬಂದಿದೆ ಎಂಬುದು ಅದರ ತಕರಾರು. ಅಂಗವಿಕಲ ಹೆಣ್ಣುಮಗಳಿಗೂ ಹೆರಿಗೆ ಆಸ್ಪತ್ರೆ ಬೇಕು ಎಂಬ ಸರಳ ಸಂಗತಿಗೆ ಸಿದ್ಧಾಂತ ಅಡ್ಡ ಬಂತು ಎಂದೇ ನಾನು ಅದನ್ನು ಓದುತ್ತೇನೆ. ಬೇರೆಯವರು ಬೇರೆ ರೀತಿ ಓದಬಹುದು.

ಕೋಟೆ ಕೆಳಗೆ

ನಾನು ಬಳ್ಳಾರಿಯ ಕ್ರೈಸ್ತ ಮನೆತನದವಳು, ನಿವೃತ್ತ ಶಾಲಾ ಶಿಕ್ಷಕಿ. ಹೊಲಿಗೆ ತಮ್ಮ ಹೇಳಿದ ಪ್ರಾರ್ಥನಾ ಸಭೆಗಳನ್ನು ನಾನೂ ನೋಡಿದ್ದೇನೆ, ತಲೆ ತಗ್ಗಿಸಿದ್ದೇನೆ. ಅದನ್ನು ಸಮರ್ಥಿಸಲು ಬಂದಿಲ್ಲ.

ಆದರೆ ಈ ಊರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದದ್ದು 1810ರಲ್ಲಿ. ಅಲ್ಲಿಂದ ಎರಡು ಶತಮಾನದ ಲೆಕ್ಕದಲ್ಲಿ ಬೋಧನೆಯೂ ಇದೆ, ಶಾಲೆಯೂ ಇದೆ. ಕುಷ್ಠರೋಗಿಗಳನ್ನು ಊರಾಚೆ ಇಟ್ಟಿದ್ದ ಕಾಲದಲ್ಲಿ ಅವರ ಹುಣ್ಣು ತೊಳೆದವರಲ್ಲಿ ಮಿಷನ್ನಿನವರು ಮುಂದಿದ್ದರು. 1874ರಲ್ಲಿ ಕುಷ್ಠರೋಗ ಮಿಷನ್ ಸ್ಥಾಪಿಸಿದ ವೆಲ್ಲೆಸ್ಲಿ ಬೈಲಿ ಮೊದಲು ಆ ರೋಗಿಗಳನ್ನು ಕಂಡದ್ದು ನಮ್ಮ ದೇಶದ ಅಂಬಾಲಾದಲ್ಲಿ. ಇಂದು ಔಷಧಿ ಪುಕ್ಕಟೆ, ರೋಗ ಗುಣವಾಗುತ್ತದೆ, ಗುಣವಾದವರ ಮುರುಟಿದ ಬೆರಳುಗಳು ಮಾತ್ರ ಹಾಗೇ ಉಳಿಯುತ್ತವೆ. 2016ರ ಕಾಯ್ದೆಯ ಪಟ್ಟಿಯಲ್ಲಿ ಅವರೂ ಇದ್ದಾರೆ, ಆದರೆ ಅವರು ಸಂಘಗಳಿಗೆ ಬರುವುದು ಅಪರೂಪ. ಮಸ್ಕಿಯ ಮಗಳೇ, ನಿಮ್ಮ ಸಂಘ ಅವರನ್ನು ಕರೆಯಲಿ.

ಚರ್ಚ್ ಒಳಗಿನಿಂದಲೇ ಪ್ರಶ್ನೆ ಎದ್ದದ್ದೂ ಉಂಟು. 1998ರಲ್ಲಿ ಹರಾರೆಯಲ್ಲಿ ಚರ್ಚ್‌ಗಳ ಜಾಗತಿಕ ಮಂಡಳಿಯ ಮಹಾಸಭೆ ನಡೆದಾಗ ಅಂಗವಿಕಲ ಕ್ರೈಸ್ತರೇ ಒಂದು ಜಾಲ ಕಟ್ಟಿಕೊಂಡರು. ನಮ್ಮನ್ನು ಗುಣಪಡಿಸಬೇಡಿ, ನಮಗೆ ವೇದಿಕೆಗೆ ದಾರಿ ಬಿಡಿ ಎಂಬುದು ಅವರ ಮಾತಿನ ತಿರುಳು. ನಾನು ಹೋಗುವ ಚರ್ಚ್‌ಗೆ ಐದು ಮೆಟ್ಟಿಲು. ಹತ್ತಲಾಗದವರಿಗೆ ಪ್ರಭುಭೋಜನದ ರೊಟ್ಟಿಯನ್ನು ಕೆಳಗೇ ತಂದುಕೊಡುತ್ತಿದ್ದರು, ಎಲ್ಲರಿಗೂ ಅದು ದೊಡ್ಡ ಕರುಣೆ ಎನ್ನಿಸಿತ್ತು. ಇಳಿಜಾರು ಕಟ್ಟಿ ಎಂದು ಕೇಳಿದ ವರ್ಷ ಎಷ್ಟು ಗೊಣಗಾಟ ಕೇಳಬೇಕಾಯಿತೆಂದರೆ, ಆ ಕರುಣೆ ಎಷ್ಟು ತೆಳುವಾಗಿತ್ತೆಂದು ನನಗೆ ಆಗ ಅರ್ಥವಾಯಿತು.

ತಂಬೂರಿ

ನಾನು ಅಂಧ. ಕೊಪ್ಪಳ ಜಿಲ್ಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ಮೊಬೈಲ್ ಓದಿ ಹೇಳುತ್ತದೆ, ನಾನು ಮಾತನಾಡಿದ್ದನ್ನು ಬರೆಯುತ್ತದೆ. ತಪ್ಪಕ್ಷರ ಬಿದ್ದರೆ ಅದರ ಪಾಪ ಅದಕ್ಕೆ.

ಧರ್ಮ ಬೇಕೋ ಬೇಡವೋ ಎಂಬ ಮಾತು ಓಡುತ್ತಿದೆ. ನಮ್ಮ ಕಡೆಯ ದೊಡ್ಡ ಉದಾಹರಣೆ ಪಕ್ಕದ ಗದಗಿನಲ್ಲೇ ಇದೆ, ಯಾರೂ ಎತ್ತಲಿಲ್ಲ. ವೀರೇಶ್ವರ ಪುಣ್ಯಾಶ್ರಮ ಪೂರ್ತಿ ಮಠದ ಪರಂಪರೆಯದು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆ, ಜೋಳಿಗೆ, ಭಕ್ತರ ಜೋಳ. ನೂರಾರು ಅಂಧ ಹುಡುಗರು ಅಲ್ಲಿ ಉಂಡು, ಮಲಗಿ, ಸಂಗೀತ ಕಲಿತು ಹೊರಬಿದ್ದರು. ಇಂದಿಗೂ ಉತ್ತರ ಕರ್ನಾಟಕದ ಯಾವುದೇ ಶಾಲೆಯ ಸಂಗೀತ ಮಾಸ್ತರರನ್ನು ಕೇಳಿ, ಗುರುಪರಂಪರೆ ಸುತ್ತಿ ಗದಗಿಗೇ ಹೋಗಿ ಮುಟ್ಟುವ ಸಂಭವ ಹೆಚ್ಚು.

ಆದರೆ ನಾನು ಹೇಳಬೇಕೆಂದದ್ದು ಅದಲ್ಲ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪೀಠಕ್ಕೆ ಬಂದ ಪುಟ್ಟರಾಜ ಗವಾಯಿಗಳೂ ಅಂಧರು. 2010ರವರೆಗೆ ಅವರೇ ನಡೆಸಿದರು, ಅದೇ ವರ್ಷ ಪದ್ಮಭೂಷಣ ಬಂತು. ಅಲ್ಲಿ ಅಂಧನೆಂದರೆ ಜೋಳಿಗೆಗೆ ಕೈ ಒಡ್ಡಿದವನು ಮಾತ್ರವಲ್ಲ. ಜೋಳಿಗೆ ಹಿಡಿದವನೂ ಅವನೇ, ಲೆಕ್ಕ ಕೇಳುವವನೂ ಅವನೇ, ತಪ್ಪು ಸ್ವರ ಹಿಡಿದರೆ ಗದರುವವನೂ ಅವನೇ. ಕಣ್ಣಿದ್ದ ಭಕ್ತರು ಅಂಧ ಗುರುವಿನ ಪಾದಕ್ಕೆ ಬೀಳುತ್ತಿದ್ದರು. ಹುಡುಗನೊಬ್ಬ ಅದನ್ನು ಕೇಳುತ್ತ ಬೆಳೆದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಯಾವ ತರಬೇತಿ ಶಿಬಿರವೂ ಅದನ್ನು ಕೊಡಲಾರದು.

ಹಾಗಾಗಿ ಮಸ್ಕಿಯ ತಂಗಿ, ಅಜ್ಜನವರನ್ನು ಕೇಳಬೇಕಾದದ್ದು ಹಾಲ್ ಎಷ್ಟು ದೊಡ್ಡದು ಎಂದಲ್ಲ. ಸಮಿತಿಯಲ್ಲಿ ಕೂಡುವವರು ಯಾರು, ಕೀಲಿಕೈ ಯಾರ ಬಳಿ ಇರುತ್ತದೆ, ಹಣದ ಚೀಟಿಗೆ ರುಜು ಹಾಕುವವರಲ್ಲಿ ಅಂಗವಿಕಲರು ಇರುತ್ತಾರೆಯೇ ಎಂದು ಕೇಳಿ. ಚರ್ಚ್ ಸಂಸ್ಥೆಯವರನ್ನೂ ಇದನ್ನೇ ಕೇಳಬೇಕಿತ್ತು. ಅವರ ಕಚೇರಿಯಲ್ಲಿ ನಮ್ಮಂಥವರು ಎಷ್ಟು ಮಂದಿ ಮೇಜಿನ ಆ ಬದಿಗೆ ಕೂತಿದ್ದರು?

ಮಸ್ಕಿ ಹಾದಿ

ಗುರುಗಳೇ, ಒಬ್ಬರು ಇದ್ದರು. ಗುರುವಾರ ಬರುತ್ತಿದ್ದ ಅಕ್ಕನೇ, ಒಂದು ಕೈ ಮೊಣಕೈವರೆಗೆ ಮಾತ್ರ. ಅವರ ಮಾತನ್ನು ಅವ್ವ ನಂಬಿದ್ದಕ್ಕೆ ಅದೂ ಒಂದು ಕಾರಣ ಇರಬೇಕು. ಆದರೆ ನಿಲ್ಲಿಸುವ ತೀರ್ಮಾನ ಮಾಡಿದ ಸಭೆಗೆ ಅವರನ್ನೂ ಕರೆದಿರಲಿಲ್ಲ, ನಮ್ಮನ್ನೂ ಕರೆದಿರಲಿಲ್ಲ.

ಹಟ್ಟಿ ತಾಯಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳಿಗೆ ಆರು ವರ್ಷ, ಕಿವಿ ಕೇಳಿಸುವುದಿಲ್ಲ. ಶಿಬಿರದಲ್ಲಿ ಯಂತ್ರ ಕೊಟ್ಟರು. ಹಾಕಿದರೆ ಕುಯ್ಯೆಂದು ಕೂಗುತ್ತದೆ, ಅವಳು ಕಿತ್ತೆಸೆಯುತ್ತಾಳೆ. ಈಗ ಪೆಟ್ಟಿಗೆಯಲ್ಲಿದೆ. ಏನು ಮಾಡಲಿ?

ಕುಷ್ಟಗಿ ವಿಆರ್‌ಡಬ್ಲ್ಯೂ

ಅಕ್ಕಾ, ಅದು ಯಂತ್ರದ ದೋಷವಲ್ಲದಿರಬಹುದು. ಕಿವಿಯೊಳಗೆ ಕೂಡುವ ಅಚ್ಚನ್ನು ಅವಳ ಕಿವಿಯದೇ ಅಳತೆ ತೆಗೆದು ಮಾಡಿಸಬೇಕು, ಸಡಿಲವಿದ್ದರೆ ಶಬ್ದ ಸೋರಿ ಕೂಗುತ್ತದೆ. ಮಕ್ಕಳ ಕಿವಿ ಬೆಳೆದಂತೆ ಅಚ್ಚನ್ನೂ ಬದಲಿಸಬೇಕು. ರಾಯಚೂರಿನ ಜಿಲ್ಲಾ ಅಂಗವಿಕಲರ ಪುನರ್ವಸತಿ ಕೇಂದ್ರದಲ್ಲಿ ಅಥವಾ ರಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. ಅಷ್ಟಕ್ಕೇ ಕಾಯಬೇಡಿ, ಸನ್ನೆ ಭಾಷೆಯನ್ನು ಮನೆಯವರೆಲ್ಲ ಕಲಿಯಲು ಶುರು ಮಾಡಿ. ಆರು ವರ್ಷದ ಮಗುವಿಗೆ ಮಾತಿಲ್ಲದೆ ಒಂದು ದಿನ ಕಳೆದರೂ ನಷ್ಟವೇ. ನನಗೆ ಖಾಸಗಿಯಾಗಿ ಬರೆಯಿರಿ, ಬಸ್ ಪಾಸಿನ ವಿಷಯವನ್ನೂ ಹೇಳುತ್ತೇನೆ.

ಅನ್ನದ ಕಣಜ

ತಂಬೂರಿ ಗುರುಗಳ ಮಾತಿನ ನಂತರ ಹೇಳಲು ಹಿಂಜರಿಕೆಯಾಗುತ್ತಿದೆ, ಆದರೂ ಹೇಳಲೇಬೇಕು. ಧಾರ್ಮಿಕ ಸಂಸ್ಥೆಯಲ್ಲಿ ಮುಖ್ಯಸ್ಥರ ಮೇಲೆ ಪ್ರಶ್ನೆ ಏಳದಿರುವುದೇ ದೊಡ್ಡ ಅಪಾಯ. ಲಾರ್ಶ್ ಎಂಬ ಸಮುದಾಯವನ್ನು 1964ರಲ್ಲಿ ಫ್ರಾನ್ಸಿನಲ್ಲಿ ಜ್ಯಾಂ ವಾನಿಯೇ ಕಟ್ಟಿದರು. ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ಮನೆಯಲ್ಲಿ ಬಾಳುವ ಕಲ್ಪನೆ. 1970ರಲ್ಲಿ ಬೆಂಗಳೂರಿಗೂ ಆಶಾ ನಿಕೇತನ ಎಂಬ ಹೆಸರಿನಲ್ಲಿ ಬಂತು, ಬಹಳ ಜನರ ಬಾಳು ಹಸನಾಯಿತು. ವಾನಿಯೇ ಅವರನ್ನು ಬದುಕಿರುವಾಗಲೇ ಸಂತ ಎನ್ನುತ್ತಿದ್ದರು. 2019ರಲ್ಲಿ ತೀರಿಕೊಂಡರು. 2020ರಲ್ಲಿ ಆ ಸಂಸ್ಥೆಯೇ ಮಾಡಿಸಿದ ತನಿಖೆ ಹೊರಬಿತ್ತು: ಕನಿಷ್ಠ ಆರು ಮಹಿಳೆಯರನ್ನು ಅವರು ಆಧ್ಯಾತ್ಮಿಕ ಮಾರ್ಗದರ್ಶನದ ಸೋಗಿನಲ್ಲಿ ಲೈಂಗಿಕವಾಗಿ ಶೋಷಿಸಿದ್ದರು. ಆ ಮಹಿಳೆಯರು ಅಂಗವಿಕಲರಲ್ಲ, ಮಾತು ಬಲ್ಲವರು, ಆದರೂ ಅಷ್ಟು ವರ್ಷ ಅವರ ದೂರನ್ನು ಕೇಳುವ ಕಿವಿ ಸಿಗಲಿಲ್ಲ. ಮಾತೇ ಬಾರದ ಹುಡುಗಿಯ ಗತಿ ಏನು?

ಸಂಸ್ಥೆಯೇ ತನ್ನ ಸ್ಥಾಪಕನ ವಿರುದ್ಧ ವರದಿಯನ್ನು ಮುಚ್ಚಿಡದೆ ಹೊರಹಾಕಿತು ಎಂಬುದನ್ನೂ ಗಮನಿಸಿ. ಆ ಧೈರ್ಯ ಎಲ್ಲ ಕಡೆ ಇಲ್ಲ.

ಕೋಟೆ ಕೆಳಗೆ

ಒಪ್ಪಿದೆ. ಮಗಳೇ, ಥೆರಪಿ ನಡೆಯುವಾಗ ಬಾಗಿಲು ತೆರೆದಿರಬೇಕು, ಒಬ್ಬ ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರಬಾರದು, ಹೆಣ್ಣುಮಕ್ಕಳಿಗೆ ಹೆಣ್ಣುಮಗಳೇ ಇರಬೇಕು. ಇದನ್ನು ಕಾಗದದಲ್ಲಿ ಬರೆಸಿ ಗೋಡೆಗೆ ಅಂಟಿಸಿ. ನಮ್ಮ ಅಜ್ಜನವರ ಮೇಲೆ ಅನುಮಾನವೇ ಎಂದು ಯಾರಾದರೂ ಕೇಳಿದರೆ, ಇಲ್ಲ, ಎಲ್ಲರ ಮೇಲೂ ಇದೇ ನಿಯಮ ಎನ್ನಿ.

ಎರೆಹೊಲ

ಮಠಗಳ ಬಗ್ಗೆಯೂ ಅಷ್ಟೇ ಕಟುವಾಗಿ ಮಾತನಾಡುತ್ತೀರೆಂದರೆ ಸರಿ. ನನ್ನದು ಅದೊಂದೇ ತಕರಾರು ಇತ್ತು. ಒಂದು ಉಪಯೋಗದ ಮಾತು: ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಒಂದು ಸಾಮಾಜಿಕ ವಿಷಯ ಹಿಡಿದು ಜಾಗೃತಿ ನಡಿಗೆ ಮಾಡುತ್ತಾರೆ, ಅಂಗವಿಕಲರ ವಿಷಯವೂ ಅದರಲ್ಲಿ ಬಂದಿದೆ. ಅಷ್ಟು ದೊಡ್ಡ ಮಠ ಎತ್ತಿದ ವಿಷಯವನ್ನು ನಿಮ್ಮೂರ ಮಠದ ಮುಂದೆ ಇಡಿ, ಅಜ್ಜನವರು ಬೇಡ ಎನ್ನುವುದಿಲ್ಲ.

ಮಸ್ಕಿ ಹಾದಿ

ಎಲ್ಲರಿಗೂ ಶರಣು. ನಿನ್ನೆ ಮಠದಲ್ಲಿ ಸಭೆ ಆಯಿತು.

ಅಜ್ಜನವರು ನಾವು ಅಂದುಕೊಂಡದ್ದಕ್ಕಿಂತ ಸಲೀಸಾಗಿ ಕೇಳಿಸಿಕೊಂಡರು, ತಕರಾರು ಬಂದದ್ದೆಲ್ಲ ಸುತ್ತಲಿನ ಹಿರಿಯರಿಂದ. ಒಂಬತ್ತು ಜನರ ಸಮಿತಿಯಲ್ಲಿ ಐವರು ಅಂಗವಿಕಲರು ಅಥವಾ ಅವರ ಮನೆಯವರು ಎಂದು ಒಪ್ಪಿಗೆಯಾಗಿದೆ. ಜಾತಿ, ಧರ್ಮ ಕೇಳುವುದಿಲ್ಲ, ಯಾರೂ ನಮಸ್ಕಾರ ಮಾಡಲೇಬೇಕೆಂದಿಲ್ಲ. ತೆರೆದ ಬಾಗಿಲಿನ ನಿಯಮ ಓದಿದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಬರೆದುಕೊಳ್ಳಿ ಎಂದು ಅಜ್ಜನವರೇ ಹೇಳಿದರು. ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಣ್ಣ ವಾರಕ್ಕೊಮ್ಮೆ ಅಲ್ಲೇ ಕೂಡುತ್ತಾರೆ.

ಒಪ್ಪದಿದ್ದದ್ದು ಎರಡು. ದಾನಿಗಳ ಫೋಟೊ ಫಲಕ ಬೇಡ ಎಂದರೆ ಹತ್ತಿ ವ್ಯಾಪಾರಿಯೊಬ್ಬರಿಗೆ ಸಿಟ್ಟು ಬಂತು, ಆ ಮಾತು ಅರ್ಧಕ್ಕೆ ನಿಂತಿದೆ. ಇನ್ನೊಂದು ಫಿಸಿಯೋಥೆರಪಿಸ್ಟ್ ಸಂಬಳ. ಜೋಳ, ಅಕ್ಕಿ ಎಷ್ಟು ಬೇಕಾದರೂ ಕೊಡುತ್ತೇವೆ, ತಿಂಗಳ ಪಗಾರ ಎಲ್ಲಿಂದ ತರುವುದು ಎಂದರು. ಈ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿಲ್ಲ.

ಹಾಲ್‌ಗೆ ನಾಲ್ಕು ಮೆಟ್ಟಿಲು, ಒಟ್ಟು ಎತ್ತರ ಎರಡೂವರೆ ಅಡಿ. ಚಪ್ಪಲಿ ಬಿಡುವ ಪಕ್ಕದ ಸಂದಿಯಲ್ಲಿ ಒಂದು ಹಲಗೆ ಇಳಿಜಾರಾಗಿ ಇಟ್ಟರಾಗದೇ ಎಂದು ಕೇಳುತ್ತಿದ್ದಾರೆ.

ಅನ್ನದ ಕಣಜ

ಸಂಬಳಕ್ಕೆ ಎರಡು ಬಾಗಿಲು ತಟ್ಟಿ ನೋಡಿ. ಒಂದು, ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿಯಿಂದ ಬರುವ ಆ ಹಣದ ಆದ್ಯತೆಯ ಪಟ್ಟಿಯಲ್ಲಿ ವೃದ್ಧರ ಮತ್ತು ಅಂಗವಿಕಲರ ಕಲ್ಯಾಣ ಎಂದೇ ಬರೆದಿದೆ. ನಿಮ್ಮ ಸುತ್ತಲಿನ ಹಳ್ಳಿಗಳು ಗಣಿಬಾಧಿತ ಪಟ್ಟಿಯಲ್ಲಿವೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಎರಡು, 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಅವರಿಗೆ ಕಟ್ಟಡದ ಮೇಲೆ ಪ್ರೀತಿ, ಸಂಬಳದ ಮೇಲೆ ಇಲ್ಲ. ಆದರೂ ಸಮಿತಿ ನೋಂದಣಿಯಾಗಿದ್ದರೆ ಮಾತನಾಡಲು ಬರುತ್ತದೆ, ಅದನ್ನು ಮೊದಲು ಮಾಡಿ.

ಮೆಟ್ಟಿಲಿನ ವಿಚಾರಕ್ಕೆ ಅಜ್ಜನವರಿಗೆ ಇದನ್ನೂ ಓದಿ ಹೇಳಿ: 2016ರ ಕಾಯ್ದೆ ಸಾರ್ವಜನಿಕ ಕಟ್ಟಡ ಎನ್ನುವಾಗ ಧಾರ್ಮಿಕ ಚಟುವಟಿಕೆಯ ಖಾಸಗಿ ಕಟ್ಟಡವನ್ನೂ ಸೇರಿಸಿಯೇ ಹೇಳಿದೆ. ಗುಡಿ, ಮಠ, ಮಸೀದಿ, ಚರ್ಚ್ ಎಲ್ಲವೂ ಅದರಲ್ಲಿ ಬಂತು.

ಕೌಲ್ ಬಜಾರ್ ಹೊಲಿಗೆ

ಹಲಗೆ ಬೇಡವೇ ಬೇಡ. ಮಳೆಯಲ್ಲಿ ಜಾರಿ ಮೊದಲು ಬೀಳುವವನು ನನ್ನಂಥವನು.

ಲೆಕ್ಕ ಹೀಗಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಿಮ್ಮ ಎರಡೂವರೆ ಅಡಿಗೆ ಮೂವತ್ತು ಅಡಿ. ನೇರ ಜಾಗವಿಲ್ಲದಿದ್ದರೆ ಹದಿನೈದು ಅಡಿ ಹೋಗಿ ಐದಡಿ ಚೌಕದ ಸಮತಟ್ಟು ಬಿಟ್ಟು, ಅಲ್ಲಿಂದ ತಿರುಗಿಸಿ. ಅಗಲ ನಾಲ್ಕಡಿಗೆ ಕಡಿಮೆ ಬೇಡ, ಎರಡೂ ಬದಿಗೆ ಹಿಡಿಕೆ ಕಂಬಿ. ಮೇಲೆ ನುಣುಪು ಗ್ರಾನೈಟ್ ಹಾಕಿಸುತ್ತೇವೆ ಎಂದು ಯಾರಾದರೂ ಭಕ್ತಿಯಿಂದ ಬಂದರೆ ಕೈ ಮುಗಿದು ವಾಪಸ್ ಕಳುಹಿಸಿ, ಗೀರು ಹಾಕಿದ ಸಿಮೆಂಟೇ ಸರಿ. ಶೌಚಾಲಯದ ಬಾಗಿಲು ಗಾಲಿಕುರ್ಚಿ ಹಿಡಿಯುವಷ್ಟು ಅಗಲವಿದೆಯೇ ನೋಡಿದಿರಾ? ಇಲ್ಲದಿದ್ದರೆ ಇಳಿಜಾರು ಕಟ್ಟಿಯೂ ಜನ ಮಧ್ಯಾಹ್ನಕ್ಕೆ ಮನೆಗೆ ಓಡುತ್ತಾರೆ.

ಮತ್ತು ಇಳಿಜಾರು ಚಪ್ಪಲಿ ಸಂದಿಯಲ್ಲಿ ಬೇಡ, ಮುಂಬಾಗಿಲಿಗೇ ಇರಲಿ. ಅಂಗಳದ ಉದ್ದ ಅಗಲ ಅಳೆದು ಒಂದು ಫೋಟೊ ಜೊತೆ ಇಲ್ಲಿ ಹಾಕಿ ತಂಗಿ. ನಮ್ಮ ಓಣಿಯ ಗೌಂಡಿ ಒಬ್ಬನಿದ್ದಾನೆ, ಚಿತ್ರ ಬರೆಸಿ ಕಳುಹಿಸುತ್ತೇನೆ.